ಕಸಿ ಕಟ್ಟುವ ಹೊತ್ತು

ಬೆಳಗಿನ ಹತ್ತು ಗಂಟೆ. ವಿಜಯಪುರದ ಬಸ್ ನಿಲ್ದಾಣದಿಂದ ಅಥಣಿ ರಸ್ತೆ ಹಿಡಿಯುವ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಹತ್ತುವವರಲ್ಲಿ ಎರಡು ಬಗೆ. ಒಂದು, ಟೋಪಿ ಧೋತರದ ಹಿರಿಯರು ಮತ್ತು ಪ್ಯಾಂಟು ತೊಟ್ಟ ಅವರ ಮಕ್ಕಳು. ಕೈಯಲ್ಲಿ ಗೊಬ್ಬರದಂಗಡಿಯಿಂದ ತಂದ ಔಷಧದ ಡಬ್ಬಿ, ಡ್ರಿಪ್ ಪೈಪಿನ ಸುರುಳಿ. ಇನ್ನೊಂದು, ಹೆಗಲಿಗೆ ಬ್ಯಾಗು ಹಾಕಿ, ಮಡಚಿದ ಬಿಳಿ ಕೋಟನ್ನು ತೋಳಿನ ಮೇಲೆ ಹೊದ್ದ ಹುಡುಗಿಯರು. ಹುಡುಗಿಯರು ತೊರವಿಯಲ್ಲಿ ಇಳಿಯುತ್ತಾರೆ. ಅವರು ಬಿಟ್ಟ ಸೀಟಿನಲ್ಲಿ ಕಾಲು ಚಾಚಿ ರೈತರು ತಿಕೋಟಾದವರೆಗೆ ಸಾಗುತ್ತಾರೆ.

ಹುಡುಗಿಯ ನೋಟ್‌ಬುಕ್ಕಿನಲ್ಲಿ ‘ಜಿಬ್ಬರೆಲಿನ್’ ಎಂಬ ಪಾಠವಿರುತ್ತದೆ. ಪಕ್ಕದ ರೈತನ ಚೀಲದಲ್ಲಿ ಅದೇ ಜಿಬ್ಬರೆಲಿಕ್ ಆಮ್ಲದ ಪೊಟ್ಟಣವಿರುತ್ತದೆ. ಅವಳು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾಳೆ. ಆತ ದ್ರಾಕ್ಷಿ ಗೊನೆಗೆ ಹೊಡೆಯುತ್ತಾನೆ. ಇಬ್ಬರ ನಡುವೆ ಮಾತಿಲ್ಲ. ಆ ಪೊಟ್ಟಣವನ್ನು ಮಾಡಿದ ಕಾರ್ಖಾನೆಯಲ್ಲಿ ಎಂಥವರು ಕೆಲಸ ಮಾಡುತ್ತಾರೆ, ಅಂಥ ಕೆಲಸ ತನಗೂ ಸಿಕ್ಕೀತೇ ಎಂಬುದನ್ನು ಹುಡುಗಿಗೆ ಹೇಳುವವರೂ ಇಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರ ಈ ಮೂರೂರುಗಳ ದಾರಿಯನ್ನು ಒಂದು ದಿನ ಸುತ್ತಿದರೆ, ಗುಮ್ಮಟ ಕೆರೆಗಳ ಜೊತೆಗೆ ಈ ಮಾತಿಲ್ಲದ ಅಂತರವೂ ಕಣ್ಣಿಗೆ ಕಟ್ಟುತ್ತದೆ.

ಪಿಸುಮಾತು ಕೇಳುವ ಊರು

ವಿಜಯಪುರ ಎಂದರೆ ಮೊದಲು ನೆನಪಾಗುವುದು ಗೋಳಗುಮ್ಮಟ. 2014ರ ನವೆಂಬರ್ 1ರಂದು ಸರ್ಕಾರಿ ಕಾಗದದಲ್ಲಿ ಬಿಜಾಪುರ ಹೋಗಿ ವಿಜಯಪುರ ಬಂದಿತಾದರೂ ಹಳಬರ ಬಾಯಲ್ಲಿ ಇಂದಿಗೂ ಇದು ಬಿಜಾಪುರವೇ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಈ ಗೋರಿಯ ಗುಮ್ಮಟಕ್ಕೆ ಒಳಗಿನ ವ್ಯಾಸವೇ ಸುಮಾರು 38 ಮೀಟರ್. ನಡುವೆ ಆಸರೆಗೆಂದು ಒಂದು ಕಂಬವೂ ಇಲ್ಲ. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಕಿವಿಯಿಟ್ಟು ಕುಳಿತವರಿಗೆ ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ. ಶಾಲೆಯ ಮಕ್ಕಳು ಕೂಗು ಹಾಕಿ ಪ್ರತಿಧ್ವನಿ ಎಣಿಸಿ ನಗುತ್ತಾರೆ. ಬಂದವರು ಅಷ್ಟಕ್ಕೇ ತೃಪ್ತರಾಗಿ ಇಬ್ರಾಹಿಂ ರೋಜಾ, ಬಾರಾ ಕಮಾನು, ಮಲಿಕ್-ಎ-ಮೈದಾನ್ ತೋಪು ನೋಡಿ ಊರು ಬಿಡುತ್ತಾರೆ.

ಪ್ರವಾಸಿಗರಿಗೆ ಕಾಣದ ಇನ್ನೊಂದು ವಿಜಯಪುರವಿದೆ. ಅದು ಓದಿನ ಊರು. ವಚನ ಪಿತಾಮಹ ಫ.ಗು. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ಬಿ.ಎಲ್.ಡಿ.ಇ. ಸಂಸ್ಥೆ ಇಂದು ವಿಜ್ಞಾನ ಕಾಲೇಜು, ಎಂಜಿನಿಯರಿಂಗ್, ಫಾರ್ಮಸಿ, ವೈದ್ಯಕೀಯ ಎಂದು ಹಲವು ಕವಲುಗಳಾಗಿ ಬೆಳೆದಿದೆ. 1986ರಲ್ಲಿ ಆರಂಭವಾದ ಅದರ ವೈದ್ಯಕೀಯ ಕಾಲೇಜಿನ ಸುತ್ತ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೇ ರೂಪುಗೊಂಡಿತು. ಮಳೆ ಕಡಿಮೆಯ ಈ ಸೀಮೆಯಲ್ಲಿ ಒಣ ಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲೇ. ಹಿಟ್ಟಿನಹಳ್ಳಿ ಬಳಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಜೀವವಿಜ್ಞಾನ ಈ ಊರಿಗೆ ಹೊಸದಾಗಿ ಬಂದ ಸೊಸೆಯಲ್ಲ. ಮನೆ ಹಿಡಿದ ಹಿರಿಯಳು.

ಪ್ರತಿ ಜೂನ್, ಜುಲೈ ಬಂತೆಂದರೆ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರು ಅಂಕಪಟ್ಟಿ ಹಿಡಿದು ಹೊರಬರುತ್ತಾರೆ. ಆದರೆ ಲಸಿಕೆ, ಇನ್ಸುಲಿನ್, ಕಿಣ್ವ, ಬೀಜ ಮಾಡುವ ದೊಡ್ಡ ಕಂಪನಿಗಳಿರುವುದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ. ಬೆಂಗಳೂರು ಇಲ್ಲಿಂದ ಐದು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಉಳಿದೆರಡು ನಗರಗಳು ಅದಕ್ಕಿಂತ ಹತ್ತಿರ. 1966ರಲ್ಲಿ ಶುರುವಾದ ಸೀರಂ ಇನ್‌ಸ್ಟಿಟ್ಯೂಟ್ ಪುಣೆಯಲ್ಲಿದೆ. ಹೈದರಾಬಾದಿನ ಹೊರವಲಯದ ಜೀನೋಮ್ ವ್ಯಾಲಿಯಲ್ಲಿ ಭಾರತ್ ಬಯೋಟೆಕ್ ಮೊದಲಾದ ಕಂಪನಿಗಳಿವೆ. ಹೀಗಿದ್ದೂ ‘ಬಯೋಟೆಕ್ ನೌಕರಿ’ ಎಂದರೆ ಇಲ್ಲಿಯವರ ಕಣ್ಣು ಹೋಗುವುದು ರಾತ್ರಿ ರೈಲಿನ ಬೆಂಗಳೂರಿನ ಕಡೆಗೇ. ಗುಮ್ಮಟದಲ್ಲಿ 38 ಮೀಟರ್ ದಾಟುವ ಪಿಸುಮಾತು ಈ ಊರಿನ ಲ್ಯಾಬಿನಿಂದ ಪುಣೆಯ ಕಾರ್ಖಾನೆಗೆ ತಲುಪುವುದಿಲ್ಲ.

ಸುರಂಗದ ನೀರು ಬಂದ ದಾರಿ

ನಗರದ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿ ಸ್ವಲ್ಪ ಹೊತ್ತು ಸಾಗಿದರೆ ತೊರವಿ. ಕುಮಾರವಾಲ್ಮೀಕಿಯ ‘ತೊರವೆ ರಾಮಾಯಣ’ದಿಂದ ಕನ್ನಡಿಗರಿಗೆಲ್ಲ ಗೊತ್ತಿರುವ ಊರು ಇದೇ. ಇಲ್ಲಿ ನರಸಿಂಹನ ಗುಡಿಯಿದೆ. ಸಂಗೀತಪ್ರಿಯ ಎರಡನೇ ಇಬ್ರಾಹಿಂ ಆದಿಲ್‌ಶಾಹ ನವರಸಪುರವೆಂಬ ಹೊಸ ಪಟ್ಟಣ ಕಟ್ಟಲು ಹೊರಟದ್ದೂ ಇಲ್ಲೇ. ಅದರ ಸಂಗೀತ ಮಹಲಿನ ಎತ್ತರದ ಕಮಾನು ಇನ್ನೂ ನಿಂತಿದೆ. ಆದಿಲ್‌ಶಾಹಿ ಕಾಲದಲ್ಲಿ ರಾಜಧಾನಿಯ ದಾಹ ತಣಿಸಿದ್ದು ತೊರವಿಯ ನೀರು. ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಬಾಯಿ ಬಿಟ್ಟ ಬಾವಿಗಳನ್ನು ತೋಡಿ, ಕೇವಲ ಇಳಿಜಾರಿನ ಬಲದಿಂದ ನೀರನ್ನು ನಗರಕ್ಕೆ ಹರಿಸಿದ ಆ ಜಾಣ್ಮೆಗೆ ಬೆರಗಾಗಲೇಬೇಕು. ಇದ್ದ ನೀರನ್ನು ಬೇಕಾದ ಜಾಗಕ್ಕೆ ಮುಟ್ಟಿಸುವುದು ಅಂದಿನ ಲೆಕ್ಕ.

ಈಗ ಅದೇ ತೊರವಿಯಲ್ಲಿ ನೀರಿನ ಬದಲು ಓದು ಊಡುತ್ತಿದೆ. 2003ರಲ್ಲಿ ಸ್ಥಾಪನೆಯಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯದ ಜ್ಞಾನಶಕ್ತಿ ಆವರಣ ಇಲ್ಲಿದೆ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಆಹಾರ ಸಂಸ್ಕರಣೆ ಮತ್ತು ಪೋಷಣೆ, ಬಯೋಇನ್‌ಫರ್ಮ್ಯಾಟಿಕ್ಸ್ ಹೀಗೆ ಜೀವವಿಜ್ಞಾನದ ಹಲವು ಸ್ನಾತಕೋತ್ತರ ವಿಷಯಗಳನ್ನು ಇಲ್ಲಿ ಹೆಣ್ಣುಮಕ್ಕಳು ಓದಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಬಂದು, ಹಾಸ್ಟೆಲಿನಲ್ಲಿದ್ದು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡವರು ಇವರಲ್ಲಿ ಕಡಿಮೆಯಿಲ್ಲ.

ಎರಡು ವರ್ಷ ಮುಗಿಯುತ್ತಿದ್ದಂತೆ ಮನೆಯಿಂದ, ಬೀಗರಿಂದ, ಓಣಿಯವರಿಂದ ಒಂದೇ ಪ್ರಶ್ನೆ: “ಎಂ.ಎಸ್ಸಿ. ಮುಗೀತಲ್ಲವಾ, ಮುಂದೇನ್ ಮಾಡಾಕಿ?” ಗೊತ್ತಿರುವ ದಾರಿಗಳು ಎರಡೋ ಮೂರೋ. ಬಿ.ಇಡಿ. ಮಾಡಿ ಶಾಲೆಗೆ ಸೇರುವುದು, ಕೆ-ಸೆಟ್ ಅಥವಾ ನೆಟ್ ಪರೀಕ್ಷೆ ಕಟ್ಟಿ ಕಾಲೇಜಿನ ಹುದ್ದೆಗೆ ಕಾಯುವುದು, ಇಲ್ಲವೆ ಪಿ.ಡಿ.ಒ., ಎಫ್.ಡಿ.ಎ. ಪುಸ್ತಕ ಹಿಡಿಯುವುದು. ಇವೆಲ್ಲ ಒಳ್ಳೆಯ ದಾರಿಗಳೇ. ಆದರೆ ಕೋಶ, ಕಿಣ್ವ, ಡಿ.ಎನ್.ಎ. ಎಂದು ಐದು ವರ್ಷ ಓದಿದವಳು ಕೊನೆಗೆ ಸಾಮಾನ್ಯ ಜ್ಞಾನದ ಗೈಡು ಕೊಳ್ಳುವಾಗ ಆ ಓದಿನಲ್ಲಿ ಬಹುಪಾಲು ಮಣ್ಣುಗೂಡುತ್ತದೆ.

ಕಂಪನಿ ಕೇಳುವುದೇನು?

ಕಂಪನಿಗಳ ಬಾಗಿಲು ಮುಚ್ಚಿದೆಯೇ? ಪೂರ್ತಿ ಇಲ್ಲ. ಆದರೆ ಒಳಗಿನವರು ಕೇಳುವ ಪ್ರಶ್ನೆ ಬೇರೆ. ಆಟೊಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ ಸಾಮಾನುಗಳನ್ನು ಕ್ರಿಮಿಶುದ್ಧ ಮಾಡುವುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. 121 ಡಿಗ್ರಿ ಉಷ್ಣತೆ, 15 ಪೌಂಡ್ ಒತ್ತಡ, 15 ನಿಮಿಷ ಎಂದರೆ ಪರೀಕ್ಷೆಯಲ್ಲಿ ಪೂರ್ಣ ಅಂಕ. ಸಂದರ್ಶನದಲ್ಲಿ ಕುಳಿತವರು ಮುಂದಕ್ಕೆ ಹೋಗಿ, ‘ಪಾತ್ರೆಯ ನಟ್ಟನಡುವೆ ಇಟ್ಟ ಬಾಟಲಿಗೂ ಅಷ್ಟು ಶಾಖ ಮುಟ್ಟಿತೆಂದು ಹೇಗೆ ತೋರಿಸುತ್ತೀ?’ ಎನ್ನುತ್ತಾರೆ. ಶಾಖಕ್ಕೆ ಸುಲಭವಾಗಿ ಸಾಯದ ಜಿಯೊಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳನ್ನು ಒಂದು ಪಟ್ಟಿಯಲ್ಲಿಟ್ಟು, ಅವೂ ಸತ್ತವೇ ಎಂದು ಆಮೇಲೆ ಬೆಳೆಸಿ ನೋಡಬೇಕು. ಉತ್ತರ ಕಠಿಣವಲ್ಲ. ಒಮ್ಮೆ ಕೈಯಾರೆ ಮಾಡಿದವಳಿಗೆ ಅದು ಮರೆಯುವುದೂ ಇಲ್ಲ.

ಎರಡನೆಯದು ಬರವಣಿಗೆಯ ಶಿಸ್ತು. ಔಷಧ ಕಾರ್ಖಾನೆಯಲ್ಲಿ ಬರೆದಿಡದ ಕೆಲಸ ನಡೆದೇ ಇಲ್ಲವೆಂದು ಲೆಕ್ಕ. ತೂಕ ಎಷ್ಟು, ಯಾವ ಯಂತ್ರ, ಎಷ್ಟು ಗಂಟೆಗೆ, ಯಾರು ನೋಡಿದರು ಎಲ್ಲವೂ ಆಗಿಂದಾಗಲೇ ದಾಖಲಾಗಬೇಕು. ತಪ್ಪು ಬರೆದರೆ ಬಿಳಿ ಬಣ್ಣ ಬಳಿಯುವಂತಿಲ್ಲ, ಅಕ್ಷರದ ಮೇಲೆ ಅಕ್ಷರ ತಿದ್ದುವಂತಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ತಾರೀಖು ಹಾಕಬೇಕು. ಹಳೆಯ ತಪ್ಪೂ ಓದಲು ಬರುವಂತಿರಬೇಕು! ಪ್ರಾಕ್ಟಿಕಲ್ ರೆಕಾರ್ಡನ್ನು ಕೊನೆಯ ವಾರ ಗೆಳತಿಯ ಪುಸ್ತಕ ನೋಡಿ ಚೊಕ್ಕಟವಾಗಿ ಬರೆದು ಅಂಕ ಗಳಿಸಿದವರಿಗೆ ಈ ಲೋಕ ತಲೆಕೆಳಗಾಗಿ ಕಾಣುತ್ತದೆ.

ಹೊಸಬರಿಗೆ ಸಿಗುವ ಕೆಲಸಗಳ ಹೆಸರೂ ಇಲ್ಲಿ ಅಷ್ಟಾಗಿ ಕಿವಿಗೆ ಬಿದ್ದಿಲ್ಲ. ಮದ್ದಿನಲ್ಲಿ, ನೀರಿನಲ್ಲಿ, ಕೋಣೆಯ ಗಾಳಿಯಲ್ಲಿ ಸೂಕ್ಷ್ಮಜೀವಿ ಇದೆಯೇ ಎಂದು ನೋಡುವ ಗುಣಮಟ್ಟ ಪರೀಕ್ಷೆ, ಕಾಗದಪತ್ರ ತಾಳೆ ನೋಡುವ ಗುಣಮಟ್ಟ ಭರವಸೆ, ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಜೀವಕೋಶ ಬೆಳೆಸುವ ಮತ್ತು ಬೆಳೆದದ್ದನ್ನು ಸೋಸಿ ಶುದ್ಧಗೊಳಿಸುವ ಉತ್ಪಾದನಾ ವಿಭಾಗ, ಔಷಧದಿಂದ ರೋಗಿಗಳಿಗಾದ ತೊಂದರೆಗಳನ್ನು ದಾಖಲಿಸುವ ವಿಭಾಗ, ಡಿ.ಎನ್.ಎ. ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡುವ ಬಯೋಇನ್‌ಫರ್ಮ್ಯಾಟಿಕ್ಸ್. ‘ವಿಜ್ಞಾನಿ’ ಎಂಬ ಫಲಕವಿರುವ ಹುದ್ದೆಯನ್ನೇ ಹುಡುಕುವವರು ಈ ಬಾಗಿಲುಗಳ ಮುಂದೆಯೇ ಹಾದುಹೋಗುತ್ತಾರೆ. ಈ ಗೊತ್ತಿಲ್ಲದಿರುವಿಕೆಯನ್ನೇ ಬಂಡವಾಳ ಮಾಡಿಕೊಂಡು ‘ನೌಕರಿ ಗ್ಯಾರಂಟಿ’ ಎಂದು ಮುಂಗಡ ಹಣ ಕೇಳುವವರೂ ಇದ್ದಾರೆ. ನೆಚ್ಚಬಹುದಾದ ಕಂಪನಿ ಕೆಲಸ ಕೊಡಲು ಅಭ್ಯರ್ಥಿಯಿಂದ ದುಡ್ಡು ಕೇಳುವುದಿಲ್ಲ ಎಂಬುದೊಂದು ತಿಳಿದಿದ್ದರೂ ಎಷ್ಟೋ ಮನೆಗಳ ಉಳಿತಾಯ ಉಳಿದೀತು.

ಪಡದೊಳಗಿನ ಪ್ರಯೋಗಶಾಲೆ

ತೊರವಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ನೋಟ ಬದಲಾಗುತ್ತದೆ. ಬಯಲು ಎರೆ ಹೊಲಗಳ ನಡುವೆ ಕಬ್ಬಿಣದ ಕಂಬ, ತಂತಿಯ ಚಪ್ಪರ, ಅದರ ಮೇಲೆ ಹಬ್ಬಿದ ಹಸಿರು. ಇಲ್ಲಿಯವರು ದ್ರಾಕ್ಷಿ ತೋಟವನ್ನು ‘ಪಡ’ ಎನ್ನುತ್ತಾರೆ. ತಾಲ್ಲೂಕು ಕೇಂದ್ರವಾಗಿ ಇತ್ತೀಚೆಗೆ ಬಡ್ತಿ ಪಡೆದ ತಿಕೋಟಾ ಈ ಪಡಗಳ ನಡುವಿನ ಊರು. ಬರ ಬಿದ್ದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ತರಿಸಿ ಬಳ್ಳಿ ಉಳಿಸಿಕೊಂಡ ಕಥೆ ಇಲ್ಲಿ ಮನೆಗೊಂದು. ಕೃಷ್ಣೆಯ ನೀರನ್ನು ಎತ್ತಿ ತಂದು ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗಳು ಬಂದ ಮೇಲೆ ಆ ಕಷ್ಟ ಒಂದಿಷ್ಟು ತಗ್ಗಿದೆ.

ಹೆಚ್ಚಿನ ಪಡಗಳಲ್ಲಿರುವುದು ಬೀಜವಿಲ್ಲದ ಥಾಮ್ಸನ್ ಜಾತಿ ಮತ್ತು ಅದರ ಬಳಗ. ಏಪ್ರಿಲಿನಲ್ಲಿ ಒಂದು ಚಾಟ್ನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟ್ನಿ. ಎರಡನೆಯದಾದ ಮೇಲೆ ಹೂ ಬಿಟ್ಟು ಗೊನೆ ಇಳಿಯುತ್ತದೆ. ಹಣ್ಣಿನೊಳಗಿನ ಬೀಜ ಸಾಮಾನ್ಯವಾಗಿ ಜಿಬ್ಬರೆಲಿನ್ ಎಂಬ ಚೋದಕವನ್ನು ಒದಗಿಸಿ ಕಾಯಿಯನ್ನು ಹಿಗ್ಗಿಸುತ್ತದೆ. ಬೀಜವೇ ಇಲ್ಲದ ದ್ರಾಕ್ಷಿಗೆ ಅದನ್ನು ಹೊರಗಿನಿಂದ ಕೊಡಬೇಕು. ರೈತರ ಬಾಯಲ್ಲಿ ಅದು ‘ಜಿ.ಎ.’ ಎಷ್ಟು ಗ್ರಾಂ, ಯಾವ ಹಂತದಲ್ಲಿ, ಮೋಡವಿದ್ದಾಗ ಏನು ಮಾಡಬೇಕು ಎಂಬುದು ಏಳನೇ ಇಯತ್ತೆ ಓದಿದವನಿಗೂ ಇಲ್ಲಿ ಕಂಠಪಾಠ.

ಈ ಜಿ.ಎ. ಬಂದ ದಾರಿ ಸೋಜಿಗದ್ದು. ಭತ್ತದ ಸಸಿಗಳು ಏಕಾಏಕಿ ಉದ್ದಕ್ಕೆ ಬೆಳೆದು ಬಾಗಿ ಬೀಳುವ ರೋಗವೊಂದನ್ನು ಜಪಾನಿನ ರೈತರು ‘ಹುಚ್ಚು ಸಸಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ರೋಗ ತರುವ ಶಿಲೀಂಧ್ರ ಒಸರುವ ರಸವೇ ಇದಕ್ಕೆ ಕಾರಣವೆಂದು 1926ರಲ್ಲಿ ಐಚಿ ಕುರೊಸಾವಾ ತೋರಿಸಿದರು. ಮುಂದೆ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಾಯಿತು. ಇಂದಿಗೂ ಕಾರ್ಖಾನೆಗಳಲ್ಲಿ ಅದೇ ಬಗೆಯ ಶಿಲೀಂಧ್ರವನ್ನು ತೊಟ್ಟಿಗಳಲ್ಲಿ ಹುದುಗಿಸಿ ಜಿ.ಎ. ತೆಗೆಯುತ್ತಾರೆ. ಎಂದರೆ, ತಿಕೋಟಾದ ರೈತ ಬಳಸುತ್ತಿರುವುದು ಅಪ್ಪಟ ಜೈವಿಕ ತಂತ್ರಜ್ಞಾನದ ಸರಕು. ಆ ತೊಟ್ಟಿಯ ಉಷ್ಣತೆ ಕಾಯುವವರು, ಮಾದರಿ ತೆಗೆದು ಶುದ್ಧತೆ ನೋಡುವವರು ಎಂ.ಎಸ್ಸಿ. ಓದಿದವರೇ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಂದರೆ ಮಣೂಕದ ಶೆಡ್ಡುಗಳನ್ನು ನೋಡಬಹುದು. ಕೊಯ್ದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಆ ದ್ರಾವಣ ಹಣ್ಣಿನ ಮೈಮೇಲಿನ ಮೇಣದ ಪದರವನ್ನು ಸಡಿಲಿಸುವುದರಿಂದ ಒಳಗಿನ ನೀರು ಬೇಗ ಆರುತ್ತದೆ. ಎರಡು ವಾರದ ಹೊತ್ತಿಗೆ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ತೇವ ಉಳಿದರೆ ಬೂಸು, ಬೂಸಿನಿಂದ ವಿಷ. ಎಷ್ಟು ತೇವ ಉಳಿದಿದೆ, ಯಾವ ಬೂಸು ಎಂದು ನೋಡುವುದು ಮತ್ತೆ ಪ್ರಯೋಗಶಾಲೆಯ ಕೆಲಸ.

ಅಳತೆ ತಪ್ಪಿದರೆ ಏನಾಗುತ್ತದೆಂಬುದನ್ನು ದೇಶದ ದ್ರಾಕ್ಷಿ ಬೆಳೆಗಾರರು 2010ರಲ್ಲಿ ಕಂಡರು. ಆ ವರ್ಷ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕದ ಶೇಷ ಮಿತಿ ಮೀರಿದ್ದು ಪತ್ತೆಯಾಗಿ, ರಫ್ತುದಾರರೂ ಬೆಳೆಗಾರರೂ ದೊಡ್ಡ ನಷ್ಟ ಉಂಡರು. ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಶೇಷ ಹುಡುಕುವ ಯಂತ್ರಗಳು, ಅವನ್ನು ನಡೆಸಬಲ್ಲ ಕೈಗಳು ಎಷ್ಟು ಮುಖ್ಯವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಪುಣೆ ಹತ್ತಿರದ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಈ ಪರೀಕ್ಷೆಗಳಿಗೆ ದೇಶಕ್ಕೇ ಮಾದರಿ. ತಿಕೋಟಾದ ರೈತರಿಗೆ ಮಾಂಜರಿಯ ಹೆಸರು ಗೊತ್ತು. ತೊರವಿಯ ಹುಡುಗಿಯರಿಗೂ ಗೊತ್ತಾದರೆ?

ಕಾಡುಬೇರು, ಊರುಬಳ್ಳಿ

ಪಡದೊಳಗೆ ಬಗ್ಗಿ ಬಳ್ಳಿಯ ಬುಡ ನೋಡಿದರೆ ಒಂದು ಗಂಟು ಕಾಣುತ್ತದೆ. ಕೆಳಗಿನದು ‘ಡಾಗ್‌ರಿಜ್’ ಎಂಬ ಒರಟು ಜಾತಿಯ ಬೇರು. ಸವಳು ನೀರು, ನೀರಿನ ಕೊರತೆ ಎರಡನ್ನೂ ತಾಳಿಕೊಳ್ಳುವಂಥದು. ಆದರೆ ತಿನ್ನುವ ಹಣ್ಣು ಕೊಡದು. ಮೇಲಿನದು ಥಾಮ್ಸನ್. ಸಿಹಿಹಣ್ಣು ಕೊಡುತ್ತದೆ, ಆದರೆ ಈ ಮಣ್ಣಿನಲ್ಲಿ ಸ್ವಂತ ಬೇರಿನ ಮೇಲೆ ಬಾಳುವುದು ಕಷ್ಟ. ಮೊದಲು ಬೇರಿನ ಗಿಡ ನೆಟ್ಟು, ಮಳೆಗಾಲದ ಕೊನೆಯ ಹೊತ್ತಿಗೆ ಅದರ ಮೇಲೆ ಕಸಿ ಕಟ್ಟುತ್ತಾರೆ. ಕಡ್ಡಿಯನ್ನು ಸೀಳಿ, ಎರಡರ ಹಸಿಪದರ ಒಂದಕ್ಕೊಂದು ತಾಗುವಂತೆ ಕೂರಿಸಿ, ಬಿಗಿಯಾಗಿ ಪಟ್ಟಿ ಸುತ್ತುತ್ತಾರೆ. ಹೊತ್ತು ಮೀರಿದರೆ ಕಸಿ ಹತ್ತುವುದಿಲ್ಲ. ಕಾಲೇಜಿನ ಓದನ್ನು ಕಂಪನಿಯ ಕೆಲಸಕ್ಕೆ ಜೋಡಿಸುವ ಕೆಲಸವೂ ಇಂಥದೇ.

ಕರ್ನಾಟಕದಲ್ಲಿ ಈ ಜೋಡಣೆಯ ಕಥೆ ಶುರುವಾಗುವುದೂ ಕೆಲಸ ಸಿಗದ ಒಬ್ಬ ಹೆಣ್ಣುಮಗಳಿಂದ. ಕಿರಣ್ ಮಜುಂದಾರ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ 1973ರಲ್ಲಿ ಪದವಿ ಪಡೆದವರು. ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆಯ ವಿದ್ಯೆ, ಎಂದರೆ ಹುದುಗಿಸುವ ವಿದ್ಯೆ, ಕಲಿತು ಬಂದರು. ಹೆಣ್ಣೆಂಬ ಕಾರಣಕ್ಕೆ ಇಲ್ಲಿನ ಬ್ರೂವರಿಗಳು ಅವರಿಗೆ ಆ ಹುದ್ದೆ ಕೊಡಲಿಲ್ಲ. 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ, ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಅವರು ಬಯೋಕಾನ್ ಆರಂಭಿಸಿದರು. ಮೊದಲ ಸರಕುಗಳಲ್ಲೊಂದು ಪಪ್ಪಾಯಿ ಹಾಲಿನಿಂದ ತೆಗೆದ ಪಪೇನ್ ಕಿಣ್ವ. ಹಳ್ಳಿಯ ಹಿತ್ತಲಲ್ಲಿ ಬೆಳೆಯುವ ಕಾಯಿಯೇ ಒಂದು ಉದ್ಯಮದ ಬೇರಾಯಿತು.

ಉದ್ಯಮ ಬೆಳೆದಂತೆ ಓದಿದವರಿದ್ದೂ ಕೆಲಸ ಬಲ್ಲವರಿಲ್ಲ ಎಂಬ ಕೊರಗು ಎದ್ದಿತು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 1990ರ ದಶಕದಲ್ಲೇ ಬಯೋಟೆಕ್ ಔದ್ಯಮಿಕ ತರಬೇತಿ ಕಾರ್ಯಕ್ರಮ ತಂದಿತು. ಪದವೀಧರರನ್ನು ಆರು ತಿಂಗಳು ಕಂಪನಿಯೊಳಗೇ ಇರಿಸಿ, ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸುವುದು ಅದರ ಕ್ರಮ. 2001ರಲ್ಲಿ ರಾಜ್ಯ ತನ್ನ ಮೊದಲ ಜೈವಿಕ ತಂತ್ರಜ್ಞಾನ ನೀತಿ ಪ್ರಕಟಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಐಬ್ಯಾಬ್ ಎಂದೇ ಹೆಸರಾದ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ ಹುಟ್ಟಿತು. 2009ರ ಎರಡನೇ ನೀತಿಯ ನಂತರ ಕಾಲೇಜುಗಳಲ್ಲಿ ಬಯೋಟೆಕ್ ಫಿನಿಷಿಂಗ್ ಸ್ಕೂಲ್‌ಗಳು ತೆರೆದವು. ಮುಂದೆ ಅದೇ ಚಿಂತನೆ ‘ಬೈಸೆಪ್’ ಎಂಬ ಕೌಶಲ ಯೋಜನೆಯಾಯಿತು: ಕೆಲವು ತಿಂಗಳು ತರಗತಿ ಮತ್ತು ಲ್ಯಾಬು, ಆಮೇಲೆ ಕಂಪನಿಯಲ್ಲಿ ಕೆಲಸ. 2010ರ ದಶಕದಲ್ಲಿ ಬಯೋಕಾನ್ ತನ್ನದೇ ಅಕಾಡೆಮಿ ತೆರೆದು ಎಳೆಯ ಪದವೀಧರರಿಗೆ ಕಾರ್ಖಾನೆಯ ರೀತಿನೀತಿ ಕಲಿಸತೊಡಗಿತು.

ಎಲ್ಲದರ ತಿರುಳು ಒಂದೇ. ಹುಡುಗಿಗೆ ಯಂತ್ರದ ಮುಂದೆ ನಿಲ್ಲುವ ಅವಕಾಶ, ಕಂಪನಿಗೆ ಅವಳ ಕೆಲಸವನ್ನು ಕಣ್ಣಾರೆ ನೋಡುವ ಅವಕಾಶ. ಎರಡು ಹಸಿಪದರಗಳು ತಾಗುವುದು ಅಲ್ಲಿ. ಆದರೆ ಇಂಥ ಅವಕಾಶಗಳಲ್ಲಿ ಹೆಚ್ಚಿನವು ದೊಡ್ಡ ನಗರಗಳಲ್ಲೇ ಕೂಡಿಕೊಂಡಿವೆ. ಅರ್ಜಿಯ ಪ್ರಕಟಣೆ ತೊರವಿಯ ಹಾಸ್ಟೆಲು ಮುಟ್ಟುವ ಹೊತ್ತಿಗೆ ಕೊನೆಯ ತಾರೀಖು ಮುಗಿದಿರುವುದೂ ಉಂಟು.

ಕಸಿಯನ್ನು ಇಲ್ಲೇ ಕಟ್ಟಲು ಆಗದೆಂದೇನೂ ಇಲ್ಲ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ದೂರದಿಂದ ದುಡ್ಡು ಕೊಟ್ಟು ತರಿಸುವ ಬದಲು ತಿಕೋಟಾದ ಪಡದಿಂದಲೇ ಎತ್ತಿಕೊಳ್ಳಬಹುದು. ಬೇರಿನ ಸುತ್ತಲ ಮಣ್ಣಿನಿಂದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೇರ್ಪಡಿಸುವುದು, ಹತ್ತು ಶೆಡ್ಡುಗಳ ಮಣೂಕದಲ್ಲಿ ತೇವ ಮತ್ತು ಬೂಸು ಎಣಿಸಿ ಪಟ್ಟಿ ಮಾಡುವುದು, ಬಾವಿ ನೀರಿನ ಸವಳು ಅಳೆಯುವುದು. ಇವಕ್ಕೆ ಕೋಟಿ ಬೆಲೆಯ ಯಂತ್ರ ಬೇಡ. ಬೇಕಾದದ್ದು ಕಂಪನಿಯವರು ಕೇಳುವಂಥ ಶಿಸ್ತಿನ ದಾಖಲೆ. ಅಂಥದೊಂದು ನೋಟ್‌ಬುಕ್ಕನ್ನು ಸಂದರ್ಶನದ ಮೇಜಿನ ಮೇಲಿಟ್ಟವಳು ಇಂಗ್ಲಿಷಿನಲ್ಲಿ ಎರಡು ಕಡೆ ತೊದಲಿದರೂ ನಡೆಯುತ್ತದೆ. ಕೆಲಸ ಅವಳ ಪರವಾಗಿ ಮಾತಾಡುತ್ತದೆ.

ಡೋಣಿಯ ಸೀಮೆ

ತಿಕೋಟಾದಿಂದ ದಕ್ಷಿಣಕ್ಕೆ ಇಳಿದರೆ ಬಬಲೇಶ್ವರ. ಬೃಹನ್ಮಠದ ಊರು, ಜಮಖಂಡಿ ರಸ್ತೆಯ ಮೇಲಿನ ಸಂತೆಯೂರು. ಇಲ್ಲಿಂದ ಮುಂದೆ ಮಮದಾಪುರದಲ್ಲಿ 1633ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ದೊಡ್ಡ ಕೆರೆಯಿದೆ. ಗೋಳಗುಮ್ಮಟ ನೋಡಿದವರು ಅದೇ ಅರಸನ ಈ ಕೆರೆಯನ್ನೂ ನೋಡಿದರೆ ಲೆಕ್ಕ ಪೂರ್ತಿಯಾಗುತ್ತದೆ. ವಿಜಯಪುರದ ಕಡೆಗಿನ ಸಾರವಾಡದ ಹತ್ತಿರ ಡೋಣಿ ಹರಿಯುತ್ತದೆ. ಬೇಸಿಗೆಯಲ್ಲಿ ಬಾಯಿಗಿಡಲಾಗದ ಉಪ್ಪು ನೀರು, ಮಳೆಗಾಲದಲ್ಲಿ ಹೊಲಗಳನ್ನೇ ನುಂಗುವ ಮಹಾಪೂರ. ಆದರೂ ‘ಡೋಣಿ ಬೆಳೆದರೆ ಓಣಿ ತುಂಬ ಕಾಳು’ ಎಂಬ ಗಾದೆ ಸುಳ್ಳಲ್ಲ. ಈ ಕರಿನೆಲದ ಬಿಳಿಜೋಳ, ಕಡಲೆಗೆ ಇಂದಿಗೂ ಹೆಸರಿದೆ. ಕೃಷ್ಣೆಯ ಕಡೆಗೆ ಹೋದಂತೆ ಕಬ್ಬು, ಸಕ್ಕರೆ ಕಾರ್ಖಾನೆಗಳು. ಕಾಕಂಬಿಯನ್ನು ಯೀಸ್ಟಿನಿಂದ ಹುದುಗಿಸಿ ಎಥೆನಾಲ್ ತೆಗೆಯುವುದು ಸೂಕ್ಷ್ಮಜೀವಿಗಳನ್ನು ಬಲ್ಲವರ ಕೆಲಸ ಎಂಬುದನ್ನೂ ಇಲ್ಲಿ ನೆನೆಯಬೇಕು.

ನಿಜವಾದ ತೀರ್ಮಾನ ಆಗುವುದು ಇಂಥ ಊರುಗಳ ಪಡಸಾಲೆಯಲ್ಲಿ. ಆಯ್ಕೆಯ ಪತ್ರ ಬಂದರೂ ಅಪ್ಪನ ಮೊದಲ ಮಾತು, “ಅಷ್ಟ್ ದೂರದಾಗ ನಮ್ಮವ್ರು ಯಾರದಾರ?” ಅವ್ವನ ಚಿಂತೆ ರಾತ್ರಿ ಪಾಳಿಯದು. ಮೊದಲ ವರ್ಷದ ಸಂಬಳದಲ್ಲಿ ಪಿ.ಜಿ. ಬಾಡಿಗೆ, ಊಟ, ಬಸ್ಸು ಕಳೆದು ಮನೆಗೆ ಕಳಿಸಲು ಏನುಳಿದೀತು ಎಂಬ ಲೆಕ್ಕ ಅಣ್ಣನದು. ಇಷ್ಟಕ್ಕೇ ಬಿ.ಇಡಿ. ಮಾಡಿದ್ದರೆ ಊರ ಶಾಲೆಯಲ್ಲೇ ಇರಬಹುದಿತ್ತಲ್ಲ ಎನ್ನುವ ಅತ್ತೆಯರೂ ಇದ್ದಾರೆ. ಇವನ್ನು ಹಳ್ಳಿಗರ ಅಜ್ಞಾನವೆಂದು ತಳ್ಳುವುದು ತರವಲ್ಲ. ಹೊಸ ತಳಿಯ ಬಳ್ಳಿ ನೆಡುವ ಮೊದಲು ಇದೇ ಅಪ್ಪ ನಾಲ್ಕು ಪಡ ಸುತ್ತಿ, ನೆಟ್ಟವರನ್ನು ಕೇಳಿ, ಮಣ್ಣು ಮುಟ್ಟಿ ನೋಡಿರುತ್ತಾನೆ. ಮಗಳ ಕೆಲಸಕ್ಕೂ ಅವನಿಗೆ ಬೇಕಾಗಿರುವುದು ಅಂಥ ಒಂದು ಪಡ: ಮೊದಲು ಹೋಗಿ ನೆಲೆ ನಿಂತ ಒಬ್ಬ ಹುಡುಗಿ, ಅವಳ ಫೋನ್ ನಂಬರು.

ಆದ್ದರಿಂದ ಹೊರಗೆ ಹೋದವರು ತಿರುಗಿ ಬಂದು ಒಂದು ಗಂಟೆ ಮಾತಾಡುವುದು ಯಾವ ಸರ್ಕಾರಿ ಯೋಜನೆಗೂ ಕಡಿಮೆಯದಲ್ಲ. ದೀಪಾವಳಿಗೋ ಕಾರಹುಣ್ಣಿಮೆಗೋ ಊರಿಗೆ ಬಂದವಳು ತಾನು ಓದಿದ ವಿಭಾಗಕ್ಕೆ ಹೋಗಿ, ಬಿಳಿ ಕೋಣೆಗೆ ಯಾವ ಉಡುಪು ಹಾಕಿ ಹೋಗುತ್ತಾರೆ, ಸಂದರ್ಶನದಲ್ಲಿ ಏನು ಕೇಳಿದರು, ಎಲ್ಲಿ ಎಡವಿದೆ, ಹಾಸ್ಟೆಲು ಹೇಗಿದೆ ಎಂದು ಹೇಳಿದರೆ ಸಾಕು. ಮಕ್ಕಳ ಜೊತೆ ಅಪ್ಪ ಅವ್ವಂದಿರನ್ನೂ ಕರೆದರೆ ಇನ್ನೂ ಒಳಿತು. 2021ರಲ್ಲಿ ಊರೂರಿನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತು ಕೋವಿಡ್ ಲಸಿಕೆ ಹಾಕಿಸಿಕೊಂಡವರು ಅವರು. ಕೋವಿಶೀಲ್ಡ್ ಪುಣೆಯಿಂದ, ಕೊವ್ಯಾಕ್ಸಿನ್ ಹೈದರಾಬಾದಿನ ಕಂಪನಿಯಿಂದ ಬಂದಿತ್ತು. ‘ಆ ಬಾಟಲಿ ಶುದ್ಧವಿದೆ ಎಂದು ಸಹಿ ಹಾಕುವ ಕೆಲಸ ನಿಮ್ಮ ಮಗಳು ಓದಿದ ಓದಿನದು’ ಎಂದರೆ ಪಡಸಾಲೆಯಲ್ಲಿ ಕುಳಿತವರಿಗೆ ಬೇರೆ ವಿವರಣೆ ಬೇಕಿಲ್ಲ.

ಸಂಜೆ ಬಬಲೇಶ್ವರದಿಂದ ಹೊರಟ ಬಸ್ಸು ಡೋಣಿ ದಾಟಿ ಬರುವಾಗ ದೂರದಲ್ಲಿ ಗೋಳಗುಮ್ಮಟದ ಕರಿನೆರಳು ಬಾನಿಗೆ ಅಂಟಿಕೊಂಡಂತೆ ಕಾಣುತ್ತದೆ. ಅದೇ ಹೊತ್ತಿಗೆ ಅಥಣಿ ರಸ್ತೆಯ ಬಸ್ಸು ತೊರವಿಯಲ್ಲಿ ನಿಂತು ಬಿಳಿ ಕೋಟಿನ ಹುಡುಗಿಯರನ್ನು ಹತ್ತಿಸಿಕೊಳ್ಳುತ್ತದೆ. “ಬಾರವಾ ತಂಗಿ, ಇಲ್ಲಿ ಕೂಡು” ಎಂದು ಹಿರಿಯರೊಬ್ಬರು ಚೀಲ ಸರಿಸಿ ಜಾಗ ಮಾಡಿಕೊಡುತ್ತಾರೆ. ಚೀಲದೊಳಗಿನ ಜಿ.ಎ. ಪೊಟ್ಟಣದ ಹಿಂಬದಿಯಲ್ಲಿ, ತೀರ ಸಣ್ಣ ಅಕ್ಷರದಲ್ಲಿ, ತಯಾರಿಸಿದ ಕಂಪನಿಯ ಹೆಸರು ಮತ್ತು ವಿಳಾಸವಿರುತ್ತದೆ. ಹಿರಿಯರಿಗೆ ಅದನ್ನು ಓದುವ ಅಗತ್ಯವಿಲ್ಲ. ಹುಡುಗಿಗೆ ಇದೆ.

ಹೋಗುವವರಿಗೆ

ವಿಜಯಪುರಕ್ಕೆ ಬೆಂಗಳೂರು, ಹುಬ್ಬಳ್ಳಿ, ಸೊಲ್ಲಾಪುರಗಳಿಂದ ರೈಲು ಮತ್ತು ಬಸ್ಸುಗಳಿವೆ. ತೊರವಿ ಮತ್ತು ತಿಕೋಟಾ ಅಥಣಿ ರಸ್ತೆಯಲ್ಲಿ, ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿ ಸಿಗುತ್ತವೆ. ಮೂರನ್ನೂ ಒಂದೇ ದಿನದಲ್ಲಿ ನೋಡಿ ನಗರಕ್ಕೆ ಮರಳಬಹುದು. ಗೋಳಗುಮ್ಮಟದ ಪಿಸುಮಾತು ಕೇಳಬೇಕಾದರೆ ಗದ್ದಲವಿಲ್ಲದ ಬೆಳಗಿನ ಹೊತ್ತೇ ಒಳ್ಳೆಯದು. ಹಣ್ಣು ತುಂಬಿದ ಪಡ ಮತ್ತು ಮಣೂಕದ ಶೆಡ್ಡು ಎರಡನ್ನೂ ನೋಡಲು ಫೆಬ್ರುವರಿ, ಮಾರ್ಚ್ ತಿಂಗಳು ತಕ್ಕುದು. ಪಡದೊಳಗೆ ಕಾಲಿಡುವ ಮೊದಲು ಒಡೆಯರನ್ನು ಒಂದು ಮಾತು ಕೇಳಿದರೆ ಸಾಕು. ಬರಿಗೈಯಲ್ಲಿ ಕಳಿಸುವುದು ಈ ಸೀಮೆಯ ರೂಢಿಯಲ್ಲ.